ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಸಿಗರೇಟಿನ ಚಟವೂ ಹಾಗೇನಾ?

ಬೈಟೂ_ಕಾಫಿ · ಶನಿವಾರ, ರಾತ್ರಿ 10:40

ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪ ಬೀಡಿ ಸೇದುತ್ತಿದ್ದರು. ದಿನಕ್ಕೆ ಒಂದು ಕಟ್ಟು, ಒಂದೊಂದು ದಿನ ಎರಡು. ನಾನು, ನಮ್ಮಣ್ಣ ಇಬ್ಬರೂ ಕಾಲೇಜಿಗೆ ಹೋಗುವಾಗ ಸಿಗರೇಟು ಶುರು ಮಾಡಿದೆವು. ಹನುಮಂತನಗರದ ನಮ್ಮ ಬೀದಿಯ ಪೆಟ್ಟಿಗೆ ಅಂಗಡಿಯಲ್ಲಿ ಆಗ ಲೈಟರ್ ಇರಲಿಲ್ಲ. ತುದಿಯಲ್ಲಿ ಕೆಂಡ ಇರುವ ಒಂದು ಹಗ್ಗ ನೇತಾಡುತ್ತಿತ್ತು. ಇಬ್ಬರೂ ಅದೇ ಹಗ್ಗದಲ್ಲಿ ಹಚ್ಚಿಕೊಂಡವರು. ಬೇರೆ ಬೇರೆ ಹೊತ್ತಿನಲ್ಲಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ. ನಾನಂತೂ ಎಷ್ಟೋ ಸಲ ಸಾಲ ಹೇಳಿದ್ದೇನೆ. ಅಂಗಡಿಯವರು ಯಾಕೋ ಒಂದು ದಿನವೂ ದುಡ್ಡು ಕೇಳಲಿಲ್ಲ, ಒಳ್ಳೆ ಮನುಷ್ಯ.

2017ರಲ್ಲಿ ನಾನು ಬಿಟ್ಟೆ. ಎರಡು ದಿನ ತಲೆನೋವು, ಒಂದು ವಾರ ಸಿಡಿಮಿಡಿ, ಮುಗೀತು. ಅಣ್ಣ ನನ್ನ ಲೆಕ್ಕದಲ್ಲೇ ಆರು ಸಲ ಬಿಟ್ಟಿದ್ದಾನೆ. ಕಳೆದ ತಿಂಗಳು ಅವನಿಗೆ ಸ್ಟೆಂಟ್ ಹಾಕಿದರು. ಡಾಕ್ಟರು ಕೈ ಮುಗಿದು ಹೇಳಿದರು, ಇನ್ನು ಮುಟ್ಟಬೇಡಿ ಅಂತ. ಮನೆಗೆ ಬಂದ ಹನ್ನೊಂದನೇ ದಿನ ಅದೇ ಅಂಗಡಿ ಮುಂದೆ ನಿಂತಿದ್ದ. ಅತ್ತಿಗೆ ಅಡುಗೆಮನೆಯಲ್ಲಿ ಅಳುತ್ತಿದ್ದರು. ನನಗೆ ತಡೆಯಲಿಲ್ಲ, "ನಿನಗೆ ಮನಸ್ಸು ಗಟ್ಟಿ ಇಲ್ಲ ಅಣ್ಣ" ಅಂದುಬಿಟ್ಟೆ. ಅವನು ನನ್ನನ್ನೇ ನೋಡಿ, "ನಾನು ಬಿಟ್ಟಷ್ಟು ಸಲ ನೀನು ಬಿಟ್ಟಿದ್ದೀಯೇನೋ?" ಅಂದ.

ಅದಾಗಿ ಎರಡು ವಾರ ಮಾತಿಲ್ಲ.

ಒಂದೇ ಹೊಟ್ಟೆ, ಒಂದೇ ಮನೆ, ಒಂದೇ ಹಗ್ಗ. ಮತ್ತೆ ಇಷ್ಟು ವ್ಯತ್ಯಾಸ ಯಾಕೆ? ಜೀನ್‌ನಲ್ಲೇ ಏನಾದರೂ ಇದೆಯಾ? ಅವನ ಮಗ ಈಗ ಸೆಕೆಂಡ್ ಪಿಯುಸಿ. ಅವನಿಗೂ ಬರುತ್ತಾ ಅನ್ನೋದು ಅತ್ತಿಗೆಯ ಭಯ.

ಪೀಣ್ಯ_ಫಿಟ್ಟರ್ · ಶನಿವಾರ, ರಾತ್ರಿ 11:05

ಜೀನು ಗೀನು ಎಲ್ಲ ನೆಪ ಸಾರ್. ನಮ್ಮ ದೊಡ್ಡಪ್ಪ ಶಬರಿಮಲೆಗೆ ಮಾಲೆ ಹಾಕಿದ ದಿನ ನಿಲ್ಲಿಸಿದವರು ಮತ್ತೆ ಮುಟ್ಟಲೇ ಇಲ್ಲ. ಮನಸ್ಸಿದ್ದರೆ ಮಾರ್ಗ.

ವಿಜಯನಗರ_ಬ್ಲಾಕ್ · ಶನಿವಾರ, ರಾತ್ರಿ 11:12

ನಮ್ಮ ಮಾವ ಪ್ರತಿ ವರ್ಷ ಮಾಲೆ ಹಾಕುತ್ತಾರೆ. 41 ದಿನ ಒಂದೂ ಇಲ್ಲ. ಮಾಲೆ ತೆಗೆದ ಸಂಜೆಯೇ ಪ್ಯಾಕು. ಹಾಗಾದರೆ ಅವರಿಗೆ ಮನಸ್ಸು ಇದೆಯೋ ಇಲ್ಲವೋ? ನೀವೇ ಹೇಳಿ.

ಲ್ಯಾಬ್_ಕೋಟು · ಭಾನುವಾರ, ಬೆಳಿಗ್ಗೆ 8:20

ನಾನು ಹೆಬ್ಬಾಳದ ಆಚೆ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರಲ್ಲ, ಜೀನ್ ಓದಿದವಳು. ಗೊತ್ತಿರುವಷ್ಟು ಬರೆಯುತ್ತೇನೆ.

ಮೊದಲು ಲಿವರ್. ಹೊಗೆ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಆಮೇಲೆ ಲಿವರ್ ಅದನ್ನು ಒಡೆಯಲು ಶುರು ಮಾಡುತ್ತದೆ. ಈ ಕೆಲಸದ ಮುಕ್ಕಾಲು ಪಾಲು ಮಾಡುವುದು ಸಿವೈಪಿ2ಎ6 ಅನ್ನುವ ಒಂದು ಕಿಣ್ವ. ಸರಾಸರಿ ಎರಡು ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ಆದರೆ ಇದು ಎಲ್ಲರಲ್ಲೂ ಒಂದೇ ವೇಗ ಅಲ್ಲ. ಆ ಕಿಣ್ವದ ಜೀನ್ ಕೆಲವರಲ್ಲಿ ಮಂದ. ಅವರಲ್ಲಿ ನಿಕೋಟಿನ್ ತುಂಬ ಹೊತ್ತು ನಿಲ್ಲುತ್ತದೆ. ಅವರು ದಿನಕ್ಕೆ ಸೇದುವುದು ಕಡಿಮೆ, ಬಿಡುವುದೂ ಅವರಿಗೆ ಸಲೀಸು. ಚುರುಕಾಗಿ ಒಡೆಯುವವರಿಗೆ ಹಾಗಲ್ಲ. ಒಂದು ಮುಗಿಸಿ ಸ್ವಲ್ಪ ಹೊತ್ತಿಗೇ ಒಳಗೆ ಖಾಲಿ. ಮೈ ಮತ್ತೆ ಕೇಳುತ್ತದೆ.

ಇನ್ನೊಂದು ಮಿದುಳಿನದ್ದು. 15ನೇ ಕ್ರೋಮೋಸೋಮಿನಲ್ಲಿ ಸಿಎಚ್‌ಆರ್‌ಎನ್‌ಎ5 ಅಂತ ಒಂದು ಜೀನ್ ಇದೆ. ಮಿದುಳಿನ ಕೋಶದ ಮೇಲೆ ನಿಕೋಟಿನ್ ಹೋಗಿ ಕೂರುವ ಗ್ರಾಹಕದ (ರಿಸೆಪ್ಟರ್) ಒಂದು ತುಂಡು ಇದರಿಂದ ಆಗುತ್ತದೆ. 2008ರಲ್ಲಿ ಬೇರೆ ಬೇರೆ ತಂಡಗಳು ಹೆಚ್ಚು ಕಡಿಮೆ ಒಟ್ಟಿಗೇ ಈ ಜಾಗಕ್ಕೆ ಬಂದು ತಲುಪಿದವು. ಇಲ್ಲಿ ಡಿಎನ್‌ಎ ಬರಹದ ಒಂದು ಅಕ್ಷರ ಬದಲಾದರೆ ಸೇದುವವರು ಜಾಸ್ತಿ ಸೇದುತ್ತಾರೆ, ಶ್ವಾಸಕೋಶದ ಕ್ಯಾನ್ಸರ್ ಅಪಾಯವೂ ಜಾಸ್ತಿ. ಯಾಕೆ ಅನ್ನೋದು 2011ರಲ್ಲಿ ಇಲಿಗಳಿಂದ ಗೊತ್ತಾಯಿತು, ನನಗೆ ಬಹಳ ಇಷ್ಟವಾದ ಪ್ರಯೋಗ ಅದು. ನಿಕೋಟಿನ್ ಜಾಸ್ತಿಯಾದರೆ ಯಾರಿಗಾದರೂ ವಾಕರಿಕೆ ಬರುತ್ತದೆ, ಅಲ್ವಾ? "ಸಾಕು" ಅಂತ ಮಿದುಳು ಹೇಳುವ ರೀತಿ ಅದು. ಈ ಜೀನ್ ತೆಗೆದ ಇಲಿಗಳಿಗೆ ಆ "ಸಾಕು" ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೇರೆ ಇಲಿಗಳು ನಿಲ್ಲಿಸುವ ಪ್ರಮಾಣದಲ್ಲೂ ಇವು ತೆಗೆದುಕೊಳ್ಳುತ್ತಲೇ ಇದ್ದವು.

ಅಣ್ಣ ತಮ್ಮ ಅಂದರೆ ಒಂದೇ ಜೀನ್ ಕಂತೆ ಅಲ್ಲ ಸಾರ್. ಸರಾಸರಿ ಅರ್ಧ ಮಾತ್ರ ಒಂದೇ. ಅಪ್ಪನ ಜೇಬಿನಿಂದ ಒಂದು ಹಿಡಿ, ಅಮ್ಮನ ಸೆರಗಿನಿಂದ ಒಂದು ಹಿಡಿ, ನಿಮಗೊಂದು ಬೊಗಸೆ, ಅಣ್ಣನಿಗೊಂದು ಬೊಗಸೆ. ಎಣ್ಣೆಗೆಂಪು ಒಬ್ಬ, ಕಪ್ಪು ಒಬ್ಬ ಹುಟ್ಟಿದರೆ ಯಾರೂ ಆಶ್ಚರ್ಯ ಪಡಲ್ಲ. ಲಿವರಿನ ವೇಗ ಬೇರೆ ಅಂದರೆ ಮಾತ್ರ ನಂಬಲ್ಲ.

ಪೀಣ್ಯ_ಫಿಟ್ಟರ್ · ಭಾನುವಾರ, ಬೆಳಿಗ್ಗೆ 9:02

ಅಂದರೆ ಟೆಸ್ಟ್ ಮಾಡಿಸಿ "ನಂದೇನೂ ತಪ್ಪಿಲ್ಲ, ಜೀನ್ ತಪ್ಪು" ಅಂತ ಸರ್ಟಿಫಿಕೇಟ್ ತಗೋಬಹುದು. ಚೆನ್ನಾಗಿದೆ.

ಲ್ಯಾಬ್_ಕೋಟು · ಭಾನುವಾರ, ಬೆಳಿಗ್ಗೆ 9:30

ಟೆಸ್ಟ್ ಮಾಡಿಸಿ ಅಂತ ನಾನು ಹೇಳಲೇ ಇಲ್ಲ. ಮೇಲೆ ಹೇಳಿದ ಆ ಒಂದು ಅಕ್ಷರ ಇದೆಯಲ್ಲ, ಅಪ್ಪನಿಂದಲೋ ಅಮ್ಮನಿಂದಲೋ ಬಂದ ಅದರ ಒಂದು ಪ್ರತಿಗೆ ಬರುವ ವ್ಯತ್ಯಾಸ ಸರಾಸರಿ ದಿನಕ್ಕೆ ಒಂದು ಸಿಗರೇಟಿನಷ್ಟು. ಅಷ್ಟಕ್ಕೇ ಅದು ಈ ವಿಷಯದಲ್ಲಿ ಘಟಾನುಘಟಿ! 2019ರಲ್ಲಿ 12 ಲಕ್ಷ ಜನರ ಡಿಎನ್‌ಎ ನೋಡಿದಾಗ ಸಿಗರೇಟು, ಕುಡಿತಕ್ಕೆ ಸಂಬಂಧಪಟ್ಟ 400ಕ್ಕೂ ಹೆಚ್ಚು ಜಾಗ ಸಿಕ್ಕವು. 2022ರಲ್ಲಿ 34 ಲಕ್ಷ ಜನರನ್ನು ನೋಡಿದಾಗ ಇನ್ನೂ ಜಾಸ್ತಿ. ಒಂದೊಂದರ ಪಾಲು ಸಾಸಿವೆ ಕಾಳಿನಷ್ಟು. "ಚಟದ ಜೀನ್" ಅಂತ ಒಂದು ಇಲ್ಲ. ಇದೆ ಅಂತ ಯಾರಾದರೂ ಕಿಟ್ ಮಾರಲು ಬಂದರೆ ಆ ದುಡ್ಡಿನಲ್ಲಿ ಮನೆಗೆ ಹಣ್ಣು ತನ್ನಿ. ಇನ್ನೊಂದು ಮಾತು, ಈ ಲೆಕ್ಕಗಳಲ್ಲಿ ಯುರೋಪ್ ಮೂಲದವರೇ ಬಹುಪಾಲು. ಹನುಮಂತನಗರದ ಅಣ್ಣನಿಗೆ ಅದನ್ನು ಹಾಗೇ ಎತ್ತಿ ಅಂಟಿಸೋಕಾಗಲ್ಲ.

ಸರೋಜಮ್ಮ_ರಾಜಾಜಿನಗರ · ಭಾನುವಾರ, ಮಧ್ಯಾಹ್ನ 2:15

ಎಲ್ಲ ಓದಿದೆ. ಒಂದು ಮಾತು ಹೇಳಲಾ? ನಮ್ಮಪ್ಪನಿಗೆ ನಾವು ಐದು ಮಕ್ಕಳು. ಮೂರು ಗಂಡು, ಎರಡು ಹೆಣ್ಣು. ಗಂಡು ಮೂರೂ ಸಿಗರೇಟು. ಹೆಣ್ಣು ಎರಡೂ ಇಲ್ಲ. ಅದೇ ಅಪ್ಪ ಅಮ್ಮನ ಜೀನ್ ನಮ್ಮಲ್ಲೂ ಇದೆಯಲ್ಲ ತಾಯಿ? ನಾನು ಸೇದಲಿಲ್ಲ ಯಾಕೆ? ಸೇದಿದ್ದರೆ ಅಪ್ಪ ಕಾಲು ಮುರಿಯುತ್ತಿದ್ದರು, ಅದಕ್ಕೆ. ಅವರೇ ಸೇದುತ್ತಾ ಕೂತು ಮುರಿಯುತ್ತಿದ್ದರು ಬೇರೆ.

ಆದರೆ ನಮ್ಮಕ್ಕ ಎಲೆ ಅಡಿಕೆಗೆ ಕಡ್ಡಿಪುಡಿ ಹಾಕಿಕೊಳ್ಳುತ್ತಿದ್ದಳು. ಅದನ್ನು ಯಾರೂ ಚಟ ಅನ್ನಲಿಲ್ಲ, ಊಟ ಆದಮೇಲೆ ಎಲ್ಲರ ಮುಂದೆಯೇ ಹಾಕಿಕೊಳ್ಳುವುದು. ಬಾಯಲ್ಲಿ ಬಿಳಿ ಮಚ್ಚೆ ಬಂದಾಗ ಕಿದ್ವಾಯಿಯಲ್ಲಿ ತೋರಿಸಿದೆವು, ಬಿಡಿ ಅಂದರು. ಬಿಡೋಕಾಗಲಿಲ್ಲ ಅವಳಿಗೆ. ಸೆರಗಿನ ಗಂಟಿನಲ್ಲಿ ಮುಚ್ಚಿಟ್ಟುಕೊಂಡು ಹಾಕುತ್ತಿದ್ದಳು. ಈಗ ಇಲ್ಲ ಅವಳು.

ಲ್ಯಾಬ್_ಕೋಟು · ಭಾನುವಾರ, ಮಧ್ಯಾಹ್ನ 2:50

ಅಮ್ಮಾ, ಇದನ್ನು ನಾನು ಹೇಳಬೇಕಿತ್ತು, ನೀವು ಹೇಳಿದಿರಿ.

2016-17ರ ದೇಶದ ತಂಬಾಕು ಸಮೀಕ್ಷೆಯಲ್ಲಿ ಸೇದುವ ಗಂಡಸರು 19%, ಹೆಂಗಸರು 2%. ಸೇದುವುದನ್ನು ಬಿಟ್ಟು ಅಗಿಯುವುದು, ತಿಕ್ಕುವುದು, ನಶ್ಯ ಇವನ್ನು ಮಾತ್ರ ನೋಡಿದರೆ ಗಂಡಸರು 29.6%, ಹೆಂಗಸರು 12.8%. ಅಕ್ಕ ತಂಗಿಯರ ಜೀನ್ ಎಲ್ಲಿಗೂ ಹೋಗಿರಲಿಲ್ಲ. ಮನೆ ಯಾವ ಬಾಗಿಲು ತೆರೆದಿಟ್ಟಿತ್ತೋ ಆ ಬಾಗಿಲಿನಿಂದ ಬಂತು, ಅಷ್ಟೇ. ಅವಳಿಗಳ ಅಧ್ಯಯನದಲ್ಲಿ ನಿಕೋಟಿನ್ ಅವಲಂಬನೆಯ ವ್ಯತ್ಯಾಸಕ್ಕೆ ಅರ್ಧ, ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿಯೇ, ಜೀನ್ ಕಾರಣ ಅಂತ ಬರುತ್ತದೆ. ಆದರೆ ಆ ಲೆಕ್ಕ ಸಿಗರೇಟು ಕೈಗೆ ಸಿಗುವ ಊರಿನದು. ಸಿಗರೇಟೇ ಇಲ್ಲದ ಊರಿನಲ್ಲಿ ಆ ಜೀನ್‌ಗೆ ಕೆಲಸವೇ ಇಲ್ಲ.

ಬೆಳ್ಳಂದೂರು_ಬೆಂಚ್ · ಭಾನುವಾರ, ಸಂಜೆ 5:40

ನಾನು ಕಾಲೇಜಿನಲ್ಲಿ ಮುಟ್ಟಿದವನಲ್ಲ. ಟೆಕ್ ಪಾರ್ಕಿಗೆ ಬಂದಮೇಲೆ ಕಲಿತೆ. ನಾಲ್ಕು ಗಂಟೆಗೆ ಟೀಮ್ ಪೂರ್ತಿ ಗೇಟಿನ ಹೊರಗೆ ಟೀ ಅಂಗಡಿ ಹತ್ತಿರ. ಮ್ಯಾನೇಜರ್ ಮಾತು, ಪ್ರಮೋಷನ್ ಮಾತು ಎಲ್ಲ ಅಲ್ಲೇ. ಸೇದದವನು ಬಾಯಿ ಬಿಡದೆ ಕೂರಬೇಕು. ಇದು ಯಾವ ಕ್ರೋಮೋಸೋಮ್ ಮೇಡಂ?

ಹಳೇ_ಮೇಷ್ಟ್ರು · ಭಾನುವಾರ, ರಾತ್ರಿ 8:10

ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಪೀಣ್ಯದ ಗೆಳೆಯರು "ಜೀನ್ ನೆಪ" ಅಂದರು. ಅವರ ಸಿಟ್ಟಿಗೆ ಒಂದು ಹಳೇ ಕಾರಣ ಇದೆ, ಅವರಿಗೆ ಗೊತ್ತಿಲ್ಲದಿದ್ದರೂ.

1950ರಲ್ಲಿ ಡಾಲ್ ಮತ್ತು ಹಿಲ್ ಅನ್ನುವ ಇಬ್ಬರು ಸಂಶೋಧಕರು ಇಂಗ್ಲೆಂಡಿನಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಅಂತ ತೋರಿಸಿದರು. ಅದನ್ನು ಒಪ್ಪದೆ ನಿಂತವರು ಯಾರು ಗೊತ್ತೇ? ಆರ್. ಎ. ಫಿಶರ್. ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದ ಸೂತ್ರಗಳಲ್ಲಿ ಅರ್ಧ ಆ ಮನುಷ್ಯನವು. 1958ರಲ್ಲಿ ಅವರ ವಾದ ಹೀಗಿತ್ತು: ಒಂದೇ ಜೀನ್ ಸಿಗರೇಟಿನ ಆಸೆಯನ್ನೂ ಕೊಡಬಹುದು, ಕ್ಯಾನ್ಸರನ್ನೂ ಕೊಡಬಹುದು, ಪಾಪ ಸಿಗರೇಟು ನಡುವೆ ಸಿಕ್ಕಿಕೊಂಡಿದೆ. ಸಾಕ್ಷಿಗೆ ಅವಳಿಗಳನ್ನು ತಂದರು. ಒಂದೇ ಮೊಟ್ಟೆಯ ಅವಳಿಗಳು ಸೇದುವ ವಿಷಯದಲ್ಲಿ ಹೆಚ್ಚು ಹೋಲುತ್ತಾರೆ ಅಂತ. ಆ ಗಮನಿಕೆ ಸರಿಯೇ ಇತ್ತು! ಅದರಿಂದ ಎಳೆದ ದಾರ ತಪ್ಪು. ಅವರು ಪೈಪ್ ಸೇದುತ್ತಿದ್ದರು, ತಂಬಾಕು ಕಂಪನಿಗಳ ಸಮಿತಿಗೆ ಸಲಹೆಗಾರರೂ ಆಗಿದ್ದರು. ದುಡ್ಡಿಗಾಗಿ ಹೇಳಿದರು ಅಂತ ನಾನು ಹೇಳಲಾರೆ, ಮೊಂಡುತನವೇ ಸಾಕಿತ್ತು ಅವರಿಗೆ.

ಆಮೇಲೆ ಫಿನ್ಲೆಂಡಿನವರು ಆ ಅವಳಿಗಳನ್ನೇ ಹಿಡಿದು ಉತ್ತರ ಕೊಟ್ಟರು. ಒಬ್ಬ ಸೇದುವವ, ಒಬ್ಬ ಸೇದದವ, ಇಬ್ಬರದೂ ಒಂದೇ ಜೀನ್. ಅಂಥ ಜೋಡಿಗಳನ್ನು ವರ್ಷಗಟ್ಟಲೆ ನೋಡಿದರು. ಮೊದಲು ಸತ್ತವರಲ್ಲಿ ಸೇದುವವರೇ ಜಾಸ್ತಿ.

ಹಾಗಾಗಿ ಜೀನ್ ಮಾತು ಬಂದಾಗ ನನಗೂ ಕಿವಿ ನಿಮಿರುತ್ತದೆ. ಚಟ ಬಿಡೋಕೆ ಯಾಕೆ ಕಷ್ಟ ಅನ್ನುವುದಕ್ಕೆ ಜೀನ್ ಉತ್ತರ ಹೇಳಬಹುದು. ಹೊಗೆ ಕೊಲ್ಲುತ್ತದೋ ಇಲ್ಲವೋ ಅನ್ನುವುದಕ್ಕೆ ಅಲ್ಲ.

ಪೀಣ್ಯ_ಫಿಟ್ಟರ್ · ಭಾನುವಾರ, ರಾತ್ರಿ 8:25

ಮೇಷ್ಟ್ರೇ, ಹೀಗೆ ಪಾಠ ಮಾಡಿದ್ದರೆ ನಾನು ಡಿಪ್ಲೊಮಾದಲ್ಲಿ ಸ್ಟ್ಯಾಟ್ಸ್ ಪಾಸಾಗುತ್ತಿದ್ದೆ.

ಮೈನಾ_ಯಲಹಂಕ · ಸೋಮವಾರ, ಬೆಳಿಗ್ಗೆ 11:00

ಲ್ಯಾಬ್ ಕೋಟು ಅಕ್ಕ, ಎಪಿಜೆನೆಟಿಕ್ಸ್ ಅಂತಾರಲ್ಲ, ಅದು ಏನು? ನನಗೀಗ ಐದು ತಿಂಗಳು. ನಮ್ಮಪ್ಪ ಸೇದುತ್ತಿದ್ದರು. ನಮ್ಮನೆಯವರು ಬಾಲ್ಕನಿಯಲ್ಲಿ ನಿಂತು ಸೇದುತ್ತಾರೆ. ಗುರುತು ಉಳಿಯುತ್ತೆ, ಮಗುವಿಗೂ ಹೋಗುತ್ತೆ ಅಂತ ಏನೋ ವಿಡಿಯೊ ನೋಡಿ ನಿದ್ದೆ ಬರ್ತಿಲ್ಲ.

ಲ್ಯಾಬ್_ಕೋಟು · ಸೋಮವಾರ, ಮಧ್ಯಾಹ್ನ 1:35

ಮೊದಲು ವಿಡಿಯೊ ಮುಚ್ಚಿ, ಊಟ ಮಾಡಿ. ಆಮೇಲೆ ಓದಿ.

ಹಾರ್ಮೋನಿಯಂ ನೋಡಿದ್ದೀರಲ್ಲ. ಬಿಳಿ ಮನೆ, ಕಪ್ಪು ಮನೆ ಎಲ್ಲ ಹಾಗೇ ಇವೆ. ಆದರೆ ಒಳಗೆ ಒಂದು ರೀಡಿಗೆ ಯಾರೋ ಕಾಗದದ ಚೂರು ಸಿಕ್ಕಿಸಿದ್ದಾರೆ, ಆ ಸ್ವರ ಸರಿಯಾಗಿ ಹೊರಡಲ್ಲ. ಪೆಟ್ಟಿಗೆ ಅದೇ, ಹಾಡು ಬೇರೆ. ಜೀನ್ ಅಂದರೆ ಆ ಮನೆಗಳು. ಎಪಿಜೆನೆಟಿಕ್ ಗುರುತು ಅಂದರೆ ಆ ಕಾಗದದ ಚೂರು. ನಮ್ಮ ಡಿಎನ್‌ಎ ಮೇಲೆ ಮೀಥೈಲ್ ಅನ್ನುವ ಚಿಕ್ಕ ಗುಂಪು ಕೂತರೆ ಆ ಜೀನ್ ಸಾಮಾನ್ಯವಾಗಿ ಮೆತ್ತಗಾಗುತ್ತದೆ. ಎದ್ದರೆ ದನಿ ಏರುತ್ತದೆ.

ಸಿಗರೇಟಿನ ಹೊಗೆ ಈ ಚೂರುಗಳನ್ನು ಎಲ್ಲೆಂದರಲ್ಲಿ ತೆಗೆದು ಸಿಕ್ಕಿಸುತ್ತದೆ. ಎಲ್ಲಕ್ಕಿಂತ ಎದ್ದು ಕಾಣುವುದು ಎಎಚ್‌ಆರ್‌ಆರ್ ಅನ್ನುವ ಜೀನಿನಲ್ಲಿ. ಹೊಗೆಯಲ್ಲಿರುವ ವಿಷಗಳನ್ನು ಮೈ ಗುರುತಿಸುವ ವ್ಯವಸ್ಥೆಗೆ ಬ್ರೇಕ್ ಇದ್ದ ಹಾಗೆ ಅದು. ಸೇದುವವರಲ್ಲಿ ಅದರ ಮೇಲಿನ ಮೀಥೈಲ್ ಕಡಿಮೆಯಾಗುತ್ತದೆ. ಎಷ್ಟು ಸ್ಪಷ್ಟ ಅಂದರೆ, ಮಾವನ ಮುಂದೆ "ನಾನು ಸೇದಲ್ಲ" ಅಂತ ಸುಳ್ಳು ಹೇಳಬಹುದು, ಈ ಜಾಗ ನೋಡುವ ರಕ್ತ ಪರೀಕ್ಷೆಯ ಮುಂದೆ ಕಷ್ಟ.

ಬಿಟ್ಟಮೇಲೆ? 2016ರಲ್ಲಿ ಸುಮಾರು 16,000 ಜನರ ರಕ್ತ ನೋಡಿದ ಒಂದು ದೊಡ್ಡ ಅಧ್ಯಯನ ಬಂತು. ಬಹುಪಾಲು ಗುರುತುಗಳು ಬಿಟ್ಟ ಐದು ವರ್ಷದೊಳಗೆ ಸೇದದವರ ಮಟ್ಟಕ್ಕೆ ವಾಪಸು. ಕೆಲವು ಮಾತ್ರ 30 ವರ್ಷ ಆದರೂ ಪೂರ್ತಿ ಅಳಿಸಿರಲಿಲ್ಲ.

ಇಲ್ಲಿ ಜನ ಒಂದು ಕಡೆ ಎಡವುತ್ತಾರೆ. ಈ ಗುರುತುಗಳಲ್ಲಿ ಬಹಳಷ್ಟು ಹೊಗೆಯ ಪರಿಣಾಮ, ಚಟದ ಕಾರಣ ಅಲ್ಲ. ಒಲೆ ಉರಿದರೆ ಗೋಡೆಗೆ ಮಸಿ ಹಿಡಿಯುತ್ತದೆ, ಮಸಿಯಿಂದ ಒಲೆ ಉರಿಯಲ್ಲ. ಆದರೆ ಮಿದುಳಿನೊಳಗೆ ವಿಷಯ ಸ್ವಲ್ಪ ಬೇರೆ ಇರಬಹುದು. 2011ರಲ್ಲಿ ಮಿದುಳಿನ ವಿಜ್ಞಾನಿ ಎರಿಕ್ ಕ್ಯಾಂಡೆಲ್ ಅವರಿದ್ದ ತಂಡ ಇಲಿಗಳಿಗೆ ಮೊದಲು ನಿಕೋಟಿನ್ ಕೊಟ್ಟು ಆಮೇಲೆ ಕೊಕೇನ್ ಕೊಟ್ಟಿತು. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಉಂಡೆಗಳ ಮೇಲಿನ ಗುರುತು ಬದಲಾಗಿತ್ತು, ಕೊಕೇನಿನ ಪರಿಣಾಮ ಜೋರಾಗಿತ್ತು. ಮೊದಲು ಕೊಕೇನ್, ಆಮೇಲೆ ನಿಕೋಟಿನ್ ಕೊಟ್ಟಾಗ ಹಾಗಾಗಲಿಲ್ಲ. ಅಂದರೆ ಒಂದು ಚಟ ಇನ್ನೊಂದಕ್ಕೆ ನೆಲ ಹದ ಮಾಡಬಹುದು. ಇಲಿಯಲ್ಲಿ.

ಮಗುವಿನ ವಿಷಯ. ಬಸುರಿಯಲ್ಲಿ ತಾಯಿ ಸೇದಿದರೆ ಹುಟ್ಟಿದ ಮಗುವಿನ ರಕ್ತದಲ್ಲೂ ಗುರುತು ಕಾಣುತ್ತದೆ. 6,600ಕ್ಕೂ ಹೆಚ್ಚು ಹಸುಗೂಸುಗಳಲ್ಲಿ ಇದನ್ನು ನೋಡಿದ್ದಾರೆ. ನೀವು ಸೇದುವವರಲ್ಲ. ನಿಮ್ಮಪ್ಪ ಯಾವಾಗಲೋ ಸೇದಿದ್ದಕ್ಕೆ ಈಗ ನಿದ್ದೆ ಕೆಡಿಸಿಕೊಳ್ಳಬೇಡಿ. ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ, ಹನ್ನೊಂದು ವರ್ಷ ತುಂಬುವ ಮೊದಲೇ ಸೇದಲು ಶುರು ಮಾಡಿದ ಅಪ್ಪಂದಿರ ಗಂಡುಮಕ್ಕಳು ಸ್ವಲ್ಪ ದಪ್ಪ ಇದ್ದರು ಅಂತ 2006ರಲ್ಲಿ ಬರೆದರು. ವಿಡಿಯೊದವರು ಹಿಡಿದುಕೊಳ್ಳುವುದು ಇದನ್ನೇ. ಅಂಥ ಅಪ್ಪಂದಿರು ಸಿಕ್ಕಿದ್ದು ಬರೀ 166 ಜನ. ಗುರುತು ವೀರ್ಯದಿಂದಲೇ ದಾಟಿತು ಅನ್ನಲು ಅದು ಸಾಲದು, ಮನೆಯ ಊಟ, ಬಡತನ, ಎಲ್ಲ ನಡುವೆ ಇರುತ್ತವೆ.

ಬಾಲ್ಕನಿ ಮಾತ್ರ ಬೇಡ. ಅದಕ್ಕೆ ಯಾವ ಎಪಿಜೆನೆಟಿಕ್ಸೂ ಬೇಕಿಲ್ಲ. ಬೇರೆಯವರ ಹೊಗೆ ಕುಡಿದರೂ ಮಗುವಿನ ತೂಕ ಕಡಿಮೆಯಾಗುತ್ತದೆ. ನಿಮ್ಮನೆಯವರನ್ನು ಕೆಳಗೆ ಗೇಟಿನ ಆಚೆ ಕಳಿಸಿ. ನಾಲ್ಕು ಮಹಡಿ ಹತ್ತಿ ಇಳಿದರೆ ಎರಡು ಸಿಗರೇಟು ತಾನಾಗಿ ಕಡಿಮೆಯಾಗುತ್ತೆ.

ಮೈನಾ_ಯಲಹಂಕ · ಸೋಮವಾರ, ಮಧ್ಯಾಹ್ನ 1:50

ಲಿಫ್ಟ್ ಇದೆ ಅಕ್ಕ 😭 ಆದರೂ ಕಳಿಸ್ತೀನಿ.

ಬೈಟೂ_ಕಾಫಿ · ಸೋಮವಾರ, ರಾತ್ರಿ 9:15

ಎಲ್ಲರಿಗೂ ಥ್ಯಾಂಕ್ಸ್. ಲ್ಯಾಬ್ ಕೋಟು ಅವರು ಲಿವರ್ ಬಗ್ಗೆ ಬರೆದದ್ದು ಓದಿ ಒಂದು ನೆನಪಾಯಿತು. ಅಣ್ಣ ರಾತ್ರಿ ಮೂರು ಗಂಟೆಗೆ ಎದ್ದು ಟೆರೇಸಿಗೆ ಹೋಗುತ್ತಿದ್ದ. ನಾನು ಸೇದುವಾಗಲೂ ಒಂದು ದಿನ ಹಾಗೆ ಎದ್ದವನಲ್ಲ. ಅವನು ಚುರುಕಾಗಿ ಒಡೆಯುವ ಪೈಕಿ ಇರಬಹುದಾ? ಇದ್ದರೆ ಏನು ಮಾಡಬೇಕು?

ಲ್ಯಾಬ್_ಕೋಟು · ಸೋಮವಾರ, ರಾತ್ರಿ 9:50

ಇರಬಹುದು. ಅದೊಂದರಿಂದ ಹೇಳೋಕಾಗಲ್ಲ. ಆದರೆ ರಾತ್ರಿ ಎದ್ದು ಸೇದುವುದು, ಬೆಳಿಗ್ಗೆ ಎದ್ದ ತಕ್ಷಣ ಸೇದುವುದು, ಇವು ಅವಲಂಬನೆ ಗಟ್ಟಿಯಾಗಿದೆ ಅನ್ನುವುದಕ್ಕೆ ಒಳ್ಳೆ ಗುರುತು. ಅಂಥವರಿಗೆ ಬರೀ ಬೈಗುಳ ಸಾಲಲ್ಲ, ಔಷಧಿ ಬೇಕು. 2015ರಲ್ಲಿ 1,200ಕ್ಕೂ ಹೆಚ್ಚು ಜನರನ್ನು ವೇಗದ ಲೆಕ್ಕದಲ್ಲಿ ಎರಡು ಭಾಗ ಮಾಡಿ ನೋಡಿದರು. ಮಾಮೂಲಿ ವೇಗದವರಿಗೆ ಮೈಗೆ ಅಂಟಿಸುವ ನಿಕೋಟಿನ್ ಪಟ್ಟಿಗಿಂತ (ಪ್ಯಾಚ್) ಸಿಗರೇಟು ಬಿಡಿಸುವ ವೆರೆನಿಕ್ಲಿನ್ ಮಾತ್ರೆ ಚೆನ್ನಾಗಿ ಕೆಲಸ ಮಾಡಿತು. ಮಂದ ಇರುವವರಿಗೆ ಪಟ್ಟಿಯೇ ಸಾಕಿತ್ತು, ಮಾತ್ರೆಯಿಂದ ತೊಂದರೆ ಜಾಸ್ತಿ. ಸ್ಟೆಂಟ್ ಹಾಕಿದ್ದಾರೆ, ಹಾಗಾಗಿ ಯಾವುದು ಅಂತ ಹೃದಯದ ಡಾಕ್ಟರನ್ನು ಕೇಳಿಯೇ ನಿರ್ಧರಿಸಬೇಕು. ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸುವ ಕ್ಲಿನಿಕ್ ಇದೆ. ಅಲ್ಲಿಗೆ ಹೋಗೋಕೆ ಸಂಕೋಚ ಅಂದರೆ 1800-11-2356ಕ್ಕೆ ಫೋನ್ ಮಾಡಿ, ಪ್ಯಾಕಿನ ಮೇಲೇ ಅಚ್ಚಾಗಿರುತ್ತೆ. ಎಲ್ಲರೂ ಚಿತ್ರ ನೋಡಿ ಮುಖ ತಿರುಗಿಸುತ್ತಾರೆ, ನಂಬರ್ ಓದಲ್ಲ.

ಮತ್ತೆ ಕಾಫಿ! ಇದನ್ನು ಯಾರೂ ಹೇಳಲ್ಲ. ಹೊಗೆಯಲ್ಲಿರುವ ಟಾರು ಲಿವರಿನ ಇನ್ನೊಂದು ಕಿಣ್ವವನ್ನು ಚುರುಕು ಮಾಡುತ್ತದೆ, ಕೆಫೀನ್ ಒಡೆಯುವುದನ್ನು. ಸೇದುವವರು ಆರು ಲೋಟ ಫಿಲ್ಟರ್ ಕಾಫಿ ಕುಡಿದರೂ ಆರಾಮಾಗಿ ನಿದ್ದೆ ಮಾಡುವುದು ಅದಕ್ಕೇ. ಸಿಗರೇಟು ನಿಲ್ಲಿಸಿದ ಕೆಲವೇ ದಿನಕ್ಕೆ ಆ ಕಿಣ್ವ ಮಂದವಾಗುತ್ತದೆ. ಅಷ್ಟೇ ಕಾಫಿಗೆ ರಕ್ತದಲ್ಲಿ ಕೆಫೀನ್ ದುಪ್ಪಟ್ಟಾಗಬಹುದು. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಜನ ಇದನ್ನು ಸಿಗರೇಟು ಬಿಟ್ಟದ್ದರ ಕಾಟ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಅಣ್ಣನಿಗೆ ಕಾಫಿ ಅರ್ಧ ಮಾಡಲು ಹೇಳಿ.

ಸರೋಜಮ್ಮ_ರಾಜಾಜಿನಗರ · ಸೋಮವಾರ, ರಾತ್ರಿ 10:05

ನೀನೇ ಮೊದಲು ಮಾತಾಡಿಸಪ್ಪ. ದೊಡ್ಡವನು ಬರಲಿ ಅಂತ ಕಾಯಬೇಡ.

ಬೈಟೂ_ಕಾಫಿ · ಶುಕ್ರವಾರ, ರಾತ್ರಿ 9:40

ಮಂಗಳವಾರ ಅಣ್ಣನ ಮನೆಗೆ ಹೋದೆ. ಮೊಬೈಲ್‌ನಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಇಲಿಯ "ಸಾಕು" ಬಂದಾಗ ಇನ್ನೊಂದು ಸಲ ಓದು ಅಂದ. ಬುಧವಾರ ನಿಮ್ಹಾನ್ಸಿಗೆ ಹೋದೆವು. ಜೀನ್ ಟೆಸ್ಟ್ ಏನೂ ಕೇಳಲಿಲ್ಲ. ಎದ್ದು ಎಷ್ಟು ನಿಮಿಷಕ್ಕೆ ಮೊದಲನೇ ಸಿಗರೇಟು ಅಂತ ಕೇಳಿದರು. "ಎದ್ದಮೇಲೆ ಅಲ್ಲ ಮೇಡಂ, ಸಿಗರೇಟಿಗೇ ಏಳೋದು ನಾನು" ಅಂದ. ಅವರು ನಗದೆ ಬರೆದುಕೊಂಡರು. ಹೃದಯದ ಡಾಕ್ಟರ ಹತ್ತಿರವೂ ಮಾತಾಡಿ ಸದ್ಯಕ್ಕೆ ನಿಕೋಟಿನ್ ಗಮ್, 4 ಮಿಲಿಗ್ರಾಂ. ಚೂಯಿಂಗ್ ಗಮ್ ಥರ ಜಗಿಯಬಾರದಂತೆ, ನಾಲ್ಕು ಸಲ ಅಗಿದು ಕೆನ್ನೆಯಲ್ಲಿ ಒತ್ತರಿಸಿಡಬೇಕಂತೆ. "ಅಕ್ಕಂದಿರ ಎಲೆ ಅಡಿಕೆ ಥರ" ಅಂದ.

ಇವತ್ತಿಗೆ ಮೂರನೇ ದಿನ. ಲೆಕ್ಕ ಹಾಕಬೇಡ ಅಂತ ನನಗೆ ಗದರಿದ್ದಾನೆ, ಹಾಗಾಗಿ ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಸಂಜೆ ಗಾಂಧಿ ಬಜಾರಿನಲ್ಲಿ ಕಾಫಿಗೆ ಹೋಗಿದ್ದೆವು. ಯಾವತ್ತೂ ಫುಲ್ ಹೇಳುವವನು ತಾನಾಗಿ ಬೈಟೂ ಅಂದ. ಮಗನ ವಿಷಯ ಬಂತು. "ಅವನಿಗೆ ನಾನೇ ಹೇಳ್ತೀನಿ, ನಿಮ್ಮ ಅತ್ತಿಗೆ ಹೇಳೋದು ಬೇಡ" ಅಂದ. ಮಾತಿನ ನಡುವೆ ನಾನು ಆ ಹಗ್ಗದ ಕಥೆ ತೆಗೆದೆ, ನಿನಗೆ ಗೊತ್ತಾಗದ ಹಾಗೆ ಎಷ್ಟು ವರ್ಷ ಸೇದಿದೆ ನೋಡು ಅಂತ.

ಅಣ್ಣ ಲೋಟ ಕೆಳಗಿಟ್ಟ. "ಗೊತ್ತಾಗದೆ ಏನೋ? ನಿನ್ನ ಸಾಲ ಎಲ್ಲ ಅವನು ನನ್ನ ಲೆಕ್ಕಕ್ಕೆ ಬರೀತಿದ್ದ."